ಸದ್ದಿಲ್ಲದ ಮೋಟಾರು

ಆನೇಮಹಲ್ಲಿನ ಹೋಟೆಲಿನ ಟೀವಿಯಲ್ಲಿ ಯಾವುದೋ ದೂರದೇಶದ ಸಭೆ ತೋರಿಸುತ್ತಿದ್ದರು. ಕಲ್ಲಿದ್ದಲು, ಡೀಸೆಲ್ಲು ಬಿಡಬೇಕೋ ಬೇಡವೋ, ಬಿಟ್ಟರೆ ಯಾವಾಗ ಎಂದು ದೇಶದೇಶದವರು ಕೂತು ಜಗ್ಗಾಡುತ್ತಿದ್ದರು. ಕಾಫಿ ಕುಡಿಯುತ್ತಿದ್ದ ಜೀಪಿನ ಡ್ರೈವರ್ ನನ್ನ ಕಡೆ ತಿರುಗಿ, "ನಿನ್ ಇಂಜಿನ್ನಿಗೆ ಅಲ್ಲಿ ತಿಥಿ ಮಾಡ್ತಾವ್ರೆ ಕಣೋ ಮಾರಾಯ" ಎಂದ.

"ನಿನ್ ಜೀಪೇನು ನೀರ್ ಕುಡ್ದು ಓಡ್ತದಾ?" ಎಂದೆ. ಎಲ್ಲರೂ ನಕ್ಕರು. ನನಗೆ ಮಾತ್ರ ಕೆಲಸ ಹೋದೀತೆಂಬ ಹೆದರಿಕೆ ಹತ್ತಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆ ಡೀಸೆಲ್ ಇಂಜಿನ್ನನ್ನು ನನ್ನ ದುಡಿಮೆಯಲ್ಲೇ ಕೊಂಡು, ಬೆಳಗೋಡಿನ ಸುತ್ತಿನ ತೋಟಗಳಿಗೆ ಹೂಮಳೆ ಹೊಡೆದು ಸಂಸಾರ ಸಾಕಿದ್ದೇನೆ. ಯಾರ ಮುಂದೆಯೂ ಕೈ ಒಡ್ಡಿಲ್ಲ.

ಕಾಫಿಯ ಮೊಗ್ಗು ಅರಳಬೇಕಾದರೆ ಬೇಸಿಗೆಯಲ್ಲಿ ಒಂದು ಮಳೆ ಬೀಳಬೇಕು, ಅದೇ ಹೂಮಳೆ. ಈಗ ಅದು ಹೊತ್ತಿಗೆ ಬರುವುದಿಲ್ಲ. ಹಳ್ಳದ ನೀರೆತ್ತಿ, ಸುತ್ತ ತಿರುಗಿ ನೀರು ಚಿಮ್ಮುವ ಜೆಟ್ಟಿನಲ್ಲಿ ನಾವೇ ಸುರಿಸಬೇಕು. ಸುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ, ಅರೆಬರೆ ನೆಂದ ಮೊಗ್ಗು ಕಪ್ಪಾಗಿ ಉದುರುತ್ತದೆ. ಅದಕ್ಕೇ ನಮ್ಮ ಹಳ್ಳದ ಉದ್ದಕ್ಕೂ ಒಂದು ಕಟ್ಟುಪಾಡು ನಡೆದುಬಂದಿತ್ತು. ಒಬ್ಬರ ಇಂಜಿನ್ ಸದ್ದು ಕೇಳಿದರೆ, ಅದು ನಿಲ್ಲುವ ತನಕ ಮಿಕ್ಕವರು ಹಳ್ಳಕ್ಕೆ ಪೈಪು ಇಳಿಸುವುದಿಲ್ಲ.

ಈ ವರ್ಷ ಅಕ್ಕನ ತೋಟಕ್ಕೆ ಹೊಡೆಯಬೇಕಿತ್ತು. ಭಾವ ಹೋದ ಮೇಲೆ ಅವಳ ವರ್ಷದ ಅನ್ನವೆಲ್ಲ ಆ ರೊಬಸ್ಟಾ ಕಾಫಿ ಗಿಡಗಳಲ್ಲೇ. ತೋಟದೊಳಗಿನ ನೀರಿನ ಕಟ್ಟೆ ಈ ಸಲ ಬತ್ತಿತ್ತು, ಹಳ್ಳವೇ ಗತಿ. ಬೆಳಿಗ್ಗೆ ದಂಡೆಯಲ್ಲಿ ನಿಂತು ಕಿವಿಗೊಟ್ಟೆ. ಎಲ್ಲೂ ಸದ್ದಿರಲಿಲ್ಲ. ಇಂಜಿನ್ ಹೊಡೆದೆ. ಮಧ್ಯಾಹ್ನಕ್ಕೆ ಪೈಪು ಇಳಿಸಿದ್ದ ಹಳ್ಳದ ಗುಂಡಿಯ ನೀರು ತಳಕ್ಕಿಳಿದು ಪೈಪು ಗಾಳಿ ಎಳೆಯತೊಡಗಿತು. ಹಳ್ಳವೇ ಬತ್ತಿತೇನೋ ಎಂದುಕೊಂಡು, ಇಂಜಿನ್ನಿನ ವೇಗ ತಗ್ಗಿಸಿ, ನೀರಿನ ಗುಂಟ ಮೇಲಕ್ಕೆ ಹೋದೆ.

ಮೇಲಿನ ತೋಟದ ಹುಡುಗ ಈ ಸಲ ಸೋಲಾರ್ ಪ್ಲೇಟು ಹಾಕಿಸಿದ್ದ. ಮೋಟಾರು ನೀರೊಳಗೆ ಮುಳುಗಿಕೊಂಡು ಓಡುತ್ತಿತ್ತು, ಜೆಟ್ಟುಗಳು ಗುಡ್ಡದ ಆಚೆ ಮಗ್ಗುಲಲ್ಲಿ ತಿರುಗುತ್ತಿದ್ದವು. ಹತ್ತಿರ ನಿಂತರೂ ಸದ್ದಿಲ್ಲ.

"ಬಿಸ್ಲು ಬಿದ್ದ ತಕ್ಷಣ ಸುರು ಮಾಡಿದ್ದೆ ಕಣಣ್ಣ. ನಿನ್ ಇಂಜಿನ್ ಕೇಳ್ತು, ನೀನು ಹಳ್ಳದಿಂದಲ್ಲ, ಅಕ್ಕನ ಕಟ್ಟೆಯಿಂದ ಎತ್ತುತಾ ಇದ್ದೀಯ ಅಂದ್ಕಂಡೆ" ಎಂದ. ಆಮೇಲೆ ಮೆಲ್ಲಗೆ, "ನಂದೂ ಅರ್ಧ ಬಾಕಿ ಐತೆ. ನಿಲ್ಲಿಸ್ಲಾ?"

ಮೊದಲು ಸುರು ಮಾಡಿದವನು ಅವನು. ಬೇಡ ಎಂದು ತಲೆಯಾಡಿಸಿದೆ.

ಇಳಿಯುವಾಗ ಮರಗಳ ಮೇಲೆ ನನ್ನ ಇಂಜಿನ್ನಿನ ಹೊಗೆ ಕಂಡಿತು. ಮಳೆ ದಾರಿ ತಪ್ಪಿದ್ದು ಇಂಥ ಹೊಗೆಯಿಂದಲೇ ಎಂದು ಆ ಸಭೆಯಲ್ಲಿ ಹೇಳುತ್ತಿದ್ದರು. ಅವರು ಡೀಸೆಲ್ ಬಿಡಿಸಿದರೆ ನನ್ನ ಕೆಲಸ ಹೋಗುತ್ತದೆಂದು ಇಷ್ಟು ದಿನ ಹೆದರಿದ್ದೆ. ಬಿಡಿಸದೇ ಹೋದರೆ ಈ ಹಳ್ಳದ ಗತಿ ಏನು ಎಂಬ ಹೆದರಿಕೆ ಅವತ್ತು ಹುಟ್ಟಿತು.

ಇಂಜಿನ್ ಆರಿಸಿದೆ. ಅಕ್ಕ ಒದ್ದೆ ಸೀರೆಯಲ್ಲೇ ಗಿಡಗಳ ನಡುವಿಂದ ಬಂದಳು.

"ಯಾಕ್ ತಮ್ಮ, ನಿಲ್ಲಿಸ್ಬುಟ್ಟೆ?"

ಆದದ್ದು ಹೇಳಿದೆ. ಅವನದು ಸಂಜೆಗೆ ಮುಗಿಯುತ್ತದೆ, ಆಮೇಲೆ ನೀರು ಊರಿದರೆ ಹೊಡೆಯುತ್ತೇನೆ ಎಂದೆ. ಅವಳು ಒಂದು ಕೊಂಬೆ ಬಗ್ಗಿಸಿ, ನೆಂದ ಮೊಗ್ಗುಗಳನ್ನು ಬೆರಳಲ್ಲಿ ಒತ್ತಿ ನೋಡಿದಳು.

"ಊರ್ದೇ ಇದ್ರೆ?"

ನಾನು ಪೈಪಿನ ಬಾಯಿಗೆ ಮೆತ್ತಿದ್ದ ಕೆಸರು ತೆಗೆಯುತ್ತಾ ಕೂತೆ.