ಇಲ್ಲಿ ಯಜಮಾನ ಯಾರು?

ನಾನು ಅರಣ್ಯ ಇಲಾಖೆಯ ನೌಕರಿಗೆ ಸೇರಿದಾಗ ನಮ್ಮ ಸಾಹೇಬರು ಲಿಂಗಸುಗೂರು ಸೀಮೆಯ ಕಾಡುಗಿಡಗಳನ್ನು ಗುಂಪು ಗುಂಪಾಗಿ ವಿಂಗಡಿಸುತ್ತಿದ್ದರು. ಯಾವ ಬಯಲಿಗೆ ಹೋದರೂ ಅಂಚಿನಲ್ಲೇ ಚಪ್ಪಲಿ ಬಿಟ್ಟು, ಅಂಗಾಲಿನಿಂದ ನೆಲ ಒತ್ತಿ ನೋಡುವರು. ಕರಿಯ ಎರೆಮಣ್ಣೋ ಕೆಂಪು ಮಸಾರಿಯೋ ತಿಳಿದ ಮೇಲೆ, ಮುಳ್ಳಿಗೆ ಹೆದರಿ ಚಪ್ಪಲಿ ಮೆಟ್ಟಿಕೊಂಡು ಕೇಳುವರು: “ಯಜಮಾನ ಯಾರ್ರೀ ಇಲ್ಲಿ?”

ಮಸ್ಕಿ ಗುಡ್ಡದ ಕೆಳಗೆ ಒಮ್ಮೆ ನಾನು ಎತ್ತರಕ್ಕೆ ನಿಂತಿದ್ದ ಒಂಟಿ ಬೇವನ್ನು ತೋರಿಸಿದೆ. ಸಾಹೇಬರು ನಕ್ಕರು.

“ಅವರು ಬೀಗರು, ಎತ್ತರಕ್ಕ ಕುಂತಾರ. ಮನಿ ತುಂಬ ಓಡಾಡೋರು ಯಾರು, ನೋಡ್ರಿ.”

ಸುತ್ತ ಎಲ್ಲಿ ನೋಡಿದರೂ ತಂಗಡಿ ಗಿಡ; ಅದೇ ಅಲ್ಲಿನ ಯಜಮಾನ. ‘ಮಸಾರಿ ನೆಲದ ತಂಗಡಿ ಗುಂಪು’ ಎಂದು ಹೆಸರಿಟ್ಟರು.

ಸಿಂಧನೂರಿನ ಕಡೆ ‘ಎರೆನೆಲದ ಜಾಲಿ ಗುಂಪು’ ಎಂದು ಹೆಸರಿಟ್ಟಿದ್ದ ಬಯಲಿಗೆ ನಾವು ಮರಳಿ ಹೋಗುವಷ್ಟರಲ್ಲಿ ಕಾಲುವೆಯ ಕೆಲಸ ಶುರುವಾಗಿತ್ತು. ಜಾಲಿಯನ್ನೆಲ್ಲ ಬೇರುಸಹಿತ ಕಿತ್ತು, ಗದ್ದೆಗೆಂದು ನೆಲ ಸಮ ಮಾಡಿದ್ದರು. ಸಾಹೇಬರು ಎಂದಿನಂತೆ ಚಪ್ಪಲಿ ಬಿಟ್ಟು ನೆಲ ಒತ್ತಿದರು. ಈ ಸಲ ನಾನೇ ಕೇಳಿದೆ, “ಯಜಮಾನ ಯಾರ್ರೀ ಇಲ್ಲಿ?”

“ನೆಲ ಅದೇ ಅದ ರೀ. ಯಜಮಾನ ಇನ್ನಾ ಬಂದಿಲ್ಲ.”

ಆಮೇಲೆ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಬಯಲು ದಾಟಿದರು. ಚುಚ್ಚಲು ಅಲ್ಲಿ ಒಂದು ಮುಳ್ಳೂ ಉಳಿದಿರಲಿಲ್ಲ.