ರೈಫಲ್ಲಿನ ಬಾಯಿಗಿಟ್ಟ ಕುಂಕುಮ

ನನ್ನ ಅಂಗಡಿಯಲ್ಲಿ ಸಾಮಾನು ಅಲುಗದಂತೆ ಕಚ್ಚಿ ಹಿಡಿಯುವ ಬೆಂಚ್ ವೈಸಿಗೂ ನನ್ನ ಮಗಳು ಬಿಸಿಲಲ್ಲಿ ನಿಲ್ಲುತ್ತಿದ್ದ ಜಾಗಕ್ಕೂ ಆರು ಹೆಜ್ಜೆ. ಆಮೇಲೆ ಅಳೆದು ನೋಡಿದೆ. ಆ ಆರು ಹೆಜ್ಜೆ ನಡೆಯಲು ನನಗೆ ಅರ್ಧ ವರ್ಷ ಹಿಡಿಯಿತು, ಅದೂ ಹೊರಗಿನವರೊಬ್ಬರು ಬಂದು ಹೇಳಿದ ಮೇಲೆ.

ಪಾಪಿರೆಡ್ಡಿಪಟ್ಟಿಯಲ್ಲಿ ನಾನು ಸ್ಪ್ರೇಯರ್ ರಿಪೇರಿ ಮಾಡುವವನು. ಟೊಮೆಟೊಗೆ ಔಷಧಿ ಹೊಡೆಯುವ ಮೆಷಿನ್ನುಗಳು ಪಾಲಕೋಡಿನಿಂದಲೂ ಬಸ್ಸು ಹತ್ತಿ ನನ್ನ ಹತ್ತಿರ ಬರುತ್ತವೆ. ಗಾಳಿ ನಿಲ್ಲದ ಯಾವ ಪಂಪನ್ನೂ ಆಗುವುದಿಲ್ಲ ಎಂದು ವಾಪಸು ಕಳಿಸಿದವನಲ್ಲ. ಈ ಮಾತನ್ನು ಆಗೆಲ್ಲ ಜಂಬದಿಂದ ಹೇಳುತ್ತಿದ್ದೆ. ಈಗ ಬರೆಯುವಾಗಲೂ ಸ್ವಲ್ಪ ಜಂಬ ಉಳಿದಿದೆ, ಏನು ಮಾಡಲಿ. ತಾತನ ಕಾಲದವರೆಗೆ ಕುರಿ ಕಾಯ್ದ ಮನೆ ನಮ್ಮದು. ಮನೆಯೊಳಗೆ ಮಾತು ಕನ್ನಡ, ಓದು ಬರಹ ಎಲ್ಲ ತಮಿಳು. ಹೊಸೂರಿನಲ್ಲಿ ಲೇತ್ ಕೆಲಸ ಕಲಿಯುವಾಗ ಜೊತೆಗಿದ್ದವನೊಬ್ಬ ಹಳೇ ಪೇಪರು ಇಟ್ಟುಕೊಂಡು ನನಗೆ ಕನ್ನಡ ಅಕ್ಷರ ಕಲಿಸಿದ. ಹಾಗಾಗಿ ನಮ್ಮ ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬನಿಗೇ.

ರೈಫಲ್ ಬಂದದ್ದು ಏರ್ಕಾಡಿನಿಂದ. ಅಲ್ಲಿನ ಕಾಫಿ ಎಸ್ಟೇಟೊಂದರ ಸ್ಪ್ರೇಯರುಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ ಸರಿಮಾಡಿ ಕೊಡುತ್ತಿದ್ದೆ. ಮಾಲೀಕರ ಮಗ ಸ್ವಲ್ಪ ದಿನ ಆಡಿ ಬಿಟ್ಟಿದ್ದ ಏರ್ ರೈಫಲ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಗಾಳಿ ನಿಲ್ಲುತ್ತಿಲ್ಲ, ಬೇಕಾದರೆ ತಗೊಂಡು ಹೋಗು ಅಂದರು. ಹಕ್ಕಿ ಹೊಡೆಯುವ ಬಂದೂಕಲ್ಲ ಅದು. ಹತ್ತು ಮೀಟರ್ ದೂರದ ಕಾಗದಕ್ಕೆ ಗುರಿಯಿಡುವ ಸ್ಪರ್ಧೆಯ ರೈಫಲ್. ನಳಿಗೆಯ ಕೆಳಗೆ ಒಂದು ಸಿಲಿಂಡರ್. ಅದನ್ನು ತಿರುಗಿಸಿ ಬಿಚ್ಚಿ, ಕೈಪಂಪಿಗೆ ಸಿಕ್ಕಿಸಿ, ಇನ್ನೂರು ಬಾರ್ ಒತ್ತಡಕ್ಕೆ ಗಾಳಿ ತುಂಬಬೇಕು. ಲಾರಿ ಟಯರಿನ ಗಾಳಿ ಇದರ ಮುಂದೆ ಒಲೆ ಊದಿದಷ್ಟು. ಆ ಗಾಳಿಯನ್ನು ಒಳಗಿನ ರೆಗ್ಯುಲೇಟರ್ ಅನ್ನುವ ಪುಟ್ಟ ಹಿತ್ತಾಳೆ ಭಾಗ ಇಳಿಸಿ, ಪ್ರತಿ ಗುಂಡಿಗೂ ಒಂದೇ ಅಳತೆಯಲ್ಲಿ ಬಿಡುತ್ತದೆ. ಅಳತೆ ಹೆಚ್ಚಾದರೆ ಗುಂಡು ಮೇಲೆ ಹೋಗುತ್ತದೆ, ಕಡಿಮೆಯಾದರೆ ಕೆಳಗೆ.

ಒಣಗಿ ಬಿರುಕುಬಿಟ್ಟ ರಬ್ಬರಿನ ಓ-ರಿಂಗುಗಳನ್ನು ಕಿತ್ತು ಹೊಸದು ಹಾಕಿದೆ. ಎಣ್ಣೆ ಮುಟ್ಟಿಸಲಿಲ್ಲ, ಅಷ್ಟು ಒತ್ತಡದಲ್ಲಿ ಎಣ್ಣೆ ಹೊತ್ತಿಕೊಳ್ಳುತ್ತದೆ, ಸಿಲಿಕೋನ್ ಗ್ರೀಸು ಮಾತ್ರ ಸವರಬೇಕು. ಪಂಪು ಹೊಡೆಯುವಾಗ ನಡುನಡುವೆ ನಿಲ್ಲಿಸಿ ತೇವ ಹೊರಗೆ ಬಿಡಬೇಕು. ಎಲ್ಲವನ್ನೂ ರೈಫಲ್ ಜೊತೆ ಬಂದ ಪುಸ್ತಕದಲ್ಲಿದ್ದಂತೆ ಮಾಡಿದೆ. ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು ಓದುತ್ತಿದ್ದ ಮಗಳು ಒಂದು ಸಂಜೆ ಸುಮ್ಮನೆ ಎತ್ತಿಕೊಂಡಳು, ಅಂಗಡಿ ಹಿಂದಿನ ಗೋಡೆಗೆ ಅಂಟಿಸಿದ್ದ ಕಾಗದಕ್ಕೆ ಹೊಡೆದಳು. ಹತ್ತು ಗುಂಡು, ಎಲ್ಲ ಒಂದು ಕಡಲೆಕಾಳಿನಷ್ಟು ಜಾಗದಲ್ಲಿ. ನಾನು ಹೊಡೆದರೆ ಗೋಡೆಯ ಸುಣ್ಣ ಉದುರುತ್ತಿತ್ತು.

ಭಾನುವಾರಗಳಂದು ಸೇಲಂನ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗತೊಡಗಿದೆ. ವರ್ಷದೊಳಗೆ ಅಲ್ಲಿನ ಕೋಚು ಬಾಯಿಬಿಟ್ಟು ಹೇಳಿದರು: ಪೊಂಗಲ್ ಆದ ಮೇಲೆ ಆಯ್ಕೆ ಇದೆ, ಇವಳು ತಂಡಕ್ಕೆ ಬಂದೇ ಬರುತ್ತಾಳೆ, ಬಂದರೆ ಸೇಲಂನ ಕಾಲೇಜಿನಲ್ಲಿ ಕ್ರೀಡಾ ಕೋಟಾದ ಸೀಟು, ಹಾಸ್ಟೆಲು. ಆ ಹಾಸ್ಟೆಲ್ ಅನ್ನುವ ಮಾತಿಗೆ ಮಗಳ ಮುಖ ಅರಳಿದ್ದನ್ನು ನೋಡಿದೆ. ನನ್ನ ಮನೆ ಬಿಟ್ಟು ಹೋಗಲು ಅವಳಿಗೆ ಅಷ್ಟು ಆಸೆ ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಬೇರೆಯವರು ಹತ್ಯಾರದ ಮೈಗೆ, ಹಿಡಿಗೆ ವಿಭೂತಿ ಕುಂಕುಮ ಹಚ್ಚುತ್ತಾರೆ. ನಮ್ಮ ಮನೆಯ ಪದ್ಧತಿ ಬಾಯಿಗೆ ಹಚ್ಚುವುದು. ಉಣ್ಣೆ ಕತ್ತರಿಯಾದರೆ ಎರಡು ಅಲಗು ಸೇರುವ ಕಡೆ, ಕುಡುಗೋಲಾದರೆ ಹಲ್ಲಿಗೆ. "ಉಣ್ಣೋ ಬಾಯಿಗೆ ಇಕ್ಕು, ಬೆನ್ನಿಗಿಕ್ಕಿದ್ರೆ ಅದುಕ್ಕೇನು ಬಂತು" ಅನ್ನುತ್ತಿದ್ದ ತಾತ. ಕತ್ತರಿಗೆ, ಕುಡುಗೋಲಿಗೆ ಇದರಿಂದ ನಷ್ಟವೇನೂ ಇಲ್ಲ. ರೈಫಲ್ಲು ಉಣ್ಣುವುದು ಗಾಳಿ, ಗಾಳಿ ಒಳಗೆ ಹೋಗುವುದು ಸಿಲಿಂಡರಿನ ಕುತ್ತಿಗೆಯ ತೂತಿನಿಂದ. ನಾನು ಬುದ್ಧಿವಂತನಲ್ಲವೇ, ಯೋಚನೆ ಮಾಡಿ, ಸಿಲಿಂಡರ್ ಬಿಚ್ಚಿ, ಆ ತೂತಿಗೇ ವಿಭೂತಿ ಇಟ್ಟು, ಮೇಲೆ ಕುಂಕುಮ ಇಟ್ಟು ಹೆಬ್ಬೆರಳಲ್ಲಿ ಒತ್ತಿದೆ.

ಮಗಳು ಪಕ್ಕದಲ್ಲೇ ನಿಂತಿದ್ದಳು. "ಅಲ್ಲಿಗ್ಯಾಕಪ್ಪಾ ಇಡ್ತೀಯ? ಒಳಕ್ಕೆ ಓಯ್ತದೆ."

"ದೊಡ್ಡೋರು ಮಾಡೋವಾಗ ನಡುವೆ ಮಾತಾಡಬ್ಯಾಡ" ಅಂದೆ. ಮರುದಿನ ಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿ, ಪಂಪಿಗೆ ಸಿಕ್ಕಿಸಿ ಗಾಳಿ ತುಂಬಿದೆ. ಇದನ್ನು ಓದುವವರಿಗೆ ಈಗಲೇ ಎಲ್ಲ ತಿಳಿದಿರಬೇಕು. ನನಗೆ ತಿಳಿಯಲಿಲ್ಲ.

ಹದಿನೈದು ದಿನದೊಳಗೆ ಮಗಳ ಗುರಿ ಕೆಟ್ಟಿತು. ಎಡಕ್ಕಲ್ಲ, ಬಲಕ್ಕಲ್ಲ, ಒಂದು ಗುಂಡು ಮೇಲೆ, ಒಂದು ಕೆಳಗೆ. ಕೋಚು ಕಾಗದ ನೋಡಿ ತಮಿಳಿನಲ್ಲಿ ನಿಧಾನವಾಗಿ ಹೇಳಿದರು: ಹೀಗೆ ಮೇಲೆ ಕೆಳಗೆ ಹೋದರೆ ಕಾರಣ ಎರಡು, ಹುಡುಗಿಯ ಉಸಿರು ಇಲ್ಲವೇ ರೈಫಲ್ಲಿನ ಗಾಳಿ, ಮೊದಲು ರೈಫಲ್ ಪರೀಕ್ಷೆ ಮಾಡಿ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮುಟ್ಟಿದ ಮೆಷಿನ್ನಿಗೆ ಇವರ ಪರೀಕ್ಷೆಯೇ? ಮನೆಗೆ ಬಂದು ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಗಾಳಿ ಹೊರಗೆ ಎಲ್ಲೂ ಸೋರುತ್ತಿರಲಿಲ್ಲ. ಅಂದಮೇಲೆ ತಪ್ಪು ಹುಡುಗಿಯದೇ, ವಿಚಾರಣೆ ಮುಗಿಯಿತು.

"ಅಪ್ಪಾ, ನಾನು ಸರಿಯಾಗೇ ಇಡಿತಾ ಇವ್ನಿ. ಗನ್ನಾಗೆ ಏನೋ ಐತೆ" ಅಂದಳು.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಉಸಿರಾಡಾಕೂ ಬರಾಕಿಲ್ಲ ನಿಂಗೆ" ಅಂದೆ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರು ನಕ್ಕರು. ನಗಲಿ ಅಂತಲೇ ಹೇಳಿದ್ದೆ.

ಅಲ್ಲಿಂದ ಶುರುವಾಯಿತು. ದಪ್ಪನೆ ಶೂಟಿಂಗ್ ಜಾಕೆಟ್ ತೊಡಿಸಿ, ರಜೆಯ ದಿನ ಮಧ್ಯಾಹ್ನ ಅಂಗಡಿ ಹಿಂದಿನ ಬಯಲಲ್ಲಿ ರೈಫಲ್ ಎತ್ತಿಹಿಡಿದು ಒಂದು ಗಂಟೆ ನಿಲ್ಲಿಸುತ್ತಿದ್ದೆ. ನಳಿಗೆಯ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ. ಅದು ಬಿದ್ದರೆ ಗಂಟೆ ಮತ್ತೆ ಮೊದಲಿನಿಂದ. ಬೆವರು ಗಲ್ಲದಿಂದ ರೈಫಲ್ಲಿನ ಮೇಲೆ ತೊಟ್ಟಿಕ್ಕುತ್ತಿದ್ದರೆ, ಕಬ್ಬಿಣ ತುಕ್ಕು ಹಿಡಿಯುತ್ತದೆ ಅಂತ ಬೈಯುತ್ತಿದ್ದೆ. ಹೊಟ್ಟೆ ತುಂಬಿದರೆ ಉಸಿರು ಭಾರ ಅಂತ ಅವಳ ಮುದ್ದೆ ಅರ್ಧ ಮಾಡಿಸಿದೆ. ನಮ್ಮನೆಯವಳು ಸೆರಗಿನ ಮರೆಯಲ್ಲಿ ಒಂದು ತುತ್ತು ಕೊಡಲು ಹೋದದ್ದನ್ನು ಕಂಡು, ಆ ತಟ್ಟೆಯನ್ನೇ ತೆಗೆದು ನಾಯಿಯ ಮುಂದೆ ಇಟ್ಟೆ. ಇಬ್ಬರೂ ನೋಡುತ್ತಿದ್ದರು. ನಾಯಿ ತಿಂದಿತು.

ಗುಂಡು ಹೊಡೆಯುವಾಗ ಆತುರಪಡಬೇಡ, ಉಸಿರು ಕಟ್ಟಿ ಕಾಯಿ, ಇನ್ನೂ ಕಾಯಿ, ಅಂತ ಬೆನ್ನ ಹಿಂದೆ ನಿಂತು ಹೇಳುತ್ತಿದ್ದೆ. ಅವಳು ಕಾದಳು. ಕಾದಷ್ಟೂ ಗುಂಡು ಮೇಲಕ್ಕೆ ಹೋಯಿತು. ಗುಂಡು ಮೇಲಕ್ಕೆ ಹೋದಷ್ಟೂ ಇನ್ನೂ ಹೆಚ್ಚು ಕಾಯಿಸಿದೆ.

ಆಯ್ಕೆಯ ದಿನ ಸೇಲಂನಲ್ಲಿ ಅವಳು ಒಂದೊಂದು ಗುಂಡಿಗೂ ಪ್ರಾಣ ಬಿಗಿಹಿಡಿದು ನಿಂತಳು. ಒಂದು ಮೇಲೆ, ಒಂದು ಕೆಳಗೆ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರು ಗೆರೆಯ ಕೆಳಗಿತ್ತು. ಕೆಳಗಿನಿಂದ ಹುಡುಕಿದ್ದರೆ ಬೇಗ ಸಿಗುತ್ತಿತ್ತು. ಕೋಚು ನನ್ನ ಹತ್ತಿರ ಬಂದರು. ನಾನು ಮುಖ ತಿರುಗಿಸಿಕೊಂಡು ಪೆಟ್ಟಿಗೆ ಎತ್ತಿಕೊಂಡೆ.

ವಾಪಸು ಬರುವ ಬಸ್ಸಿನಲ್ಲಿ ನಾನು ಮುಂದೆ ಕೂತೆ, ಅವಳು ಎಲ್ಲೋ ಹಿಂದೆ. ರೈಫಲ್ ಪೆಟ್ಟಿಗೆ ತೊಡೆಯ ಮೇಲಿತ್ತು. ಕಂಡಕ್ಟರು ಪೆಟ್ಟಿಗೆಗೂ ಲಗೇಜು ಟಿಕೆಟ್ ಬೇಕು ಅಂದ. ನನಗೊಂದು, ಪೆಟ್ಟಿಗೆಗೊಂದು ತಗೊಂಡೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಬಂದು, ಅಲ್ಲಿರುವ ಹುಡುಗಿ ಟಿಕೆಟ್ಟಿಗೆ ನಿಮ್ಮ ಕಡೆ ಕೈ ತೋರಿಸುತ್ತಿದ್ದಾಳೆ, ನಿಮ್ಮವಳಾ ಅಂತ ಕೇಳಿದ. ಯಾರೋ ಗೊತ್ತಿಲ್ಲ ಅಂದೆ. ಗಟ್ಟಿಯಾಗಿಯೇ ಅಂದೆ. ಹೂ ಬುಟ್ಟಿ ಇಟ್ಟುಕೊಂಡಿದ್ದ ಯಾರೋ ಹೆಂಗಸು ಅವಳ ಟಿಕೆಟ್ ತೆಗೆದಳು. ಊರಲ್ಲಿ ಇಳಿದ ಮೇಲೆ ನನ್ನ ಹಿಂದೆ ಇಪ್ಪತ್ತು ಮಾರು ಬಿಟ್ಟು ನಡೆದು ಬಂದಳು. ನಾನು ತಿರುಗಿ ನೋಡಲಿಲ್ಲ.

ಅವಳ ಪ್ಲಸ್ ಟೂ ಪರೀಕ್ಷೆ ಮುಗಿದ ಮೇಲೆ, ಇನ್ನು ಈ ಶನಿ ಮನೆಯಲ್ಲಿ ಯಾಕೆ ಅಂತ ರೈಫಲ್ ಮಾರಲು ಹೊರಟೆ. ಸೇಲಂನಿಂದ ಒಬ್ಬರು ಪಿ.ಟಿ. ಮೇಷ್ಟ್ರು ನೋಡಲು ಬಂದರು. ತಿಳಿದವರು. ಪೆಟ್ಟಿಗೆ ತೆಗೆದದ್ದೇ, ಅಂಗಡಿಯೊಳಗೆ ಸುತ್ತ ಕಣ್ಣಾಡಿಸಿ, "ವೈಸ್ ಇರುಕ್ಕೇ, ಅದಿಲೆ ಮಾಟ್ಟಿ ಸುಟ್ಟು ಕಾಟ್ಟುಂಗ" ಅಂದರು. ವೈಸ್ ಇದೆಯಲ್ಲ, ಅದರಲ್ಲಿ ಕಚ್ಚಿಸಿ ಹೊಡೆದು ತೋರಿಸಿ ಅಂತ.

ವೈಸಿನ ದವಡೆಗಳಿಗೆ ಹಳೇ ಗೋಣಿ ಸುತ್ತಿ, ರೈಫಲ್ ಕಚ್ಚಿಸಿ, ಹಿಂದಿನ ಬಾಗಿಲಾಚೆ ಅಂಟಿಸಿದ ಕಾಗದದ ಕಡೆಗೆ ತಿರುಗಿಸಿದೆ. ಬೇಗಬೇಗ ಐದು ಗುಂಡು ಹೊಡೆದೆ. ಐದೂ ಒಂದೇ ತೂತು. ನೋಡಿ ಸಾರ್ ಅಂತ ಎದೆಯುಬ್ಬಿಸಿದೆ. ಅವರು ತಲೆಯಾಡಿಸಿ, ಈಗ ಎರಡು ನಿಮಿಷ ಬಿಟ್ಟು ಒಂದು ಹೊಡೆಯಿರಿ ಅಂದರು. ಹೊಡೆದೆ. ಗುಂಡು ಆ ತೂತಿನಿಂದ ಮೇಲಕ್ಕೆ ಬೇರೆಯೇ ಬಿತ್ತು. ಕೂಡಲೇ ಇನ್ನೊಂದು ಅಂದರು. ಅದು ಕೆಳಗೆ. ಮತ್ತೆ ಕಾದು ಒಂದು. ಮತ್ತೆ ಮೇಲೆ.

ವೈಸ್ ಅಲುಗಿರಲಿಲ್ಲ. ಅದಕ್ಕೆ ಹೊಟ್ಟೆಯಿಲ್ಲ, ಉಸಿರಿಲ್ಲ.

ಮಗಳು ಮೇಷ್ಟ್ರಿಗೆ ಟೀ ತಂದು ಮುಂಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಲೋಟ ಕೊಟ್ಟು, ಅವರ ಮುಖ ನೋಡಿಕೊಂಡೇ ಹೇಳಿದಳು: "ಸಾರ್, ಅದುಕ್ಕು ಮೂಚ್ಚು ಪಿಡಿಕ್ಕ ತೆರಿಯಾದು. ಒರು ಮಣಿ ನೇರಂ ವೆಯಿಲ್ಲೆ ನಿಕ್ಕ ವೈಯಿಂಗ, ಸರಿಯಾಯಿಡುಂ." ಅದಕ್ಕೆ ಉಸಿರು ಹಿಡಿಯಲು ಬರುವುದಿಲ್ಲ, ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಸರಿಹೋಗುತ್ತದೆ.

ಮೇಷ್ಟ್ರು ತಮಾಷೆ ಅಂದುಕೊಂಡು ನಕ್ಕರು. ರೆಗ್ಯುಲೇಟರಿನಲ್ಲಿ ಕಸ ಕೂತಿರಬೇಕು, ಸುಮ್ಮನಿದ್ದಷ್ಟು ಹೊತ್ತೂ ಒಳಗೊಳಗೇ ಒತ್ತಡ ಏರುತ್ತಿದೆ, ಬಿಚ್ಚಿ ನೋಡಿ ಅಂತ ಹೇಳಿ ಹೊರಟರು.

ಬಿಚ್ಚಿದೆ. ಹಿತ್ತಾಳೆಯ ಒಳಗೆ, ಗಾಳಿಯನ್ನು ತಡೆದು ನಿಲ್ಲಿಸುವ ಬಿಲ್ಲೆಯ ಅಂಚಿಗೆ, ಬೂದುಗೆಂಪು ಹಿಟ್ಟು ಮೆತ್ತಿಕೊಂಡಿತ್ತು. ಬಿಲ್ಲೆ ಪೂರ್ತಿ ಮುಚ್ಚುತ್ತಿರಲಿಲ್ಲ. ತುಕ್ಕು ಅಂದುಕೊಂಡು ಬೆರಳಲ್ಲಿ ಉಜ್ಜಿದೆ. ಹಿತ್ತಾಳೆಗೆ ಎಲ್ಲಿಯ ತುಕ್ಕು? ಹೆಬ್ಬೆರಳು ಕೆಂಪಗಾಯಿತು. ಆಯುಧಪೂಜೆಯ ದಿನ ಆಗಿದ್ದಷ್ಟೇ ಕೆಂಪು. ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ಹೊತ್ತಿಗೆ ನನಗೆ ಆದದ್ದು ಪಶ್ಚಾತ್ತಾಪ ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲು ಆದದ್ದು ಭಯ: ಇದನ್ನು ಅವಳು ನೋಡಿಬಿಟ್ಟರೆ? ಬಟ್ಟೆ ತಗೊಂಡು ಒರೆಸಿದೆ, ಆ ಬಟ್ಟೆಯನ್ನು ಒಲೆಗೆ ಹಾಕಿದೆ.

ಆಮೇಲೆ ತೊಳೆದು, ಒಣಗಿಸಿ, ಹೊಸ ರಿಂಗು ಹಾಕಿ, ಮತ್ತೆ ವೈಸಿಗೆ ಕಚ್ಚಿಸಿದೆ. ಕಾದು ಹೊಡೆದರೂ, ಬೇಗ ಹೊಡೆದರೂ ಒಂದೇ ತೂತು. ಆ ಕಾಗದ ತಂದು ಊಟಕ್ಕೆ ಕೂತಿದ್ದ ಮಗಳ ಮುಂದೆ ಇಟ್ಟೆ. "ಸರಿಯಾಯ್ತು ನೋಡು" ಅಂದೆ. ಅಷ್ಟೇ ಬಂತು ನನ್ನಿಂದ.

ಅವಳು ಕಾಗದ ಎತ್ತಿ ನೋಡಿದಳು. ಮಡಿಸಿ ನನ್ನ ಕಡೆಗೆ ಸರಿಸಿದಳು. "ನೀಂಗಳೇ ವಚ್ಚಿಕ್ಕುಂಗ" ಅಂದಳು. ನೀವೇ ಇಟ್ಟುಕೊಳ್ಳಿ.

ಹುಟ್ಟಿದಾಗಿನಿಂದ ನನ್ನನ್ನು ಕನ್ನಡದಲ್ಲಿ "ನೀನು" ಅಂದ ಹುಡುಗಿ. ಮೇಷ್ಟ್ರಿಗೆ ಆಡಿದ ತಮಿಳನ್ನೇ ಅವತ್ತು ನನಗೂ ಆಡಿದಳು. ಮರುದಿನವೂ ಅದೇ. ಈಗ ಇಲ್ಲೇ ಹತ್ತಿರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ, ನನ್ನ ಮನೆಯಲ್ಲೇ ಇದ್ದಾಳೆ. ಅಮ್ಮನ ಹತ್ತಿರ ಅಡುಗೆಮನೆಯಲ್ಲಿ ಕನ್ನಡದಲ್ಲಿ ಹರಟುತ್ತಾಳೆ, ನಗುತ್ತಾಳೆ. ನಾನು ಒಳಗೆ ಹೋದರೆ ಎದ್ದು ನಿಂತು, ಮರ್ಯಾದೆಯಿಂದ, "ಸಾಪ್ಪಿಡ್ರೀಂಗಳಾಪ್ಪಾ?" ಅಂತಾಳೆ. ಊಟ ಮಾಡುತ್ತೀರಾ ಅಂತ. ಕಂಡಕ್ಟರನ ಹತ್ತಿರ, ಅಂಗಡಿಯವನ ಹತ್ತಿರ ಆಡುವ ಮರ್ಯಾದೆ. ಬಯ್ಯಲು ಅದರಲ್ಲಿ ಒಂದು ತಪ್ಪೂ ಸಿಗುವುದಿಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ತಮಿಳಿನಲ್ಲಿ ಹೇಳುತ್ತಾಳೆ.

ರೈಫಲ್ ಮಾರಲಿಲ್ಲ. ಅಟ್ಟದ ಮೇಲಿದೆ. ತಿಂಗಳಿಗೊಮ್ಮೆ ಇಳಿಸಿ ಗ್ರೀಸು ಸವರುತ್ತೇನೆ, ಗಾಳಿ ನೋಡುತ್ತೇನೆ. ಒತ್ತಡ ಒಂದು ಕೂದಲಿನಷ್ಟೂ ಇಳಿದಿಲ್ಲ. ಈ ವರ್ಷದ ಆಯುಧಪೂಜೆಗೆ ಅದನ್ನು ಕೆಳಗಿಳಿಸಲಿಲ್ಲ.

ಒಳಗೆ ಸಿಕ್ಕಿದ್ದು ಕುಂಕುಮ, ಇಟ್ಟವನು ನಾನು, ಅವಳ ಉಸಿರು ಒಂದು ದಿನವೂ ತಪ್ಪಿರಲಿಲ್ಲ: ಇಷ್ಟನ್ನು ಅವಳಿಗೆ ಹೇಳಲು ಎರಡು ನಿಮಿಷ ಸಾಕು. ಅವಳು ಪಕ್ಕದ ಕೋಣೆಯಲ್ಲೇ ಓದುತ್ತಾ ಕೂತಿದ್ದಾಳೆ. ಎದ್ದು ಹೋಗಲಾರದೆ ಬರೆಯಲು ಕೂತೆ. ತಮಿಳಿನಲ್ಲಿ ಬರೆದಿದ್ದರೆ ಎಂದಾದರೊಂದು ದಿನ ಅವಳ ಕೈಗೆ ಸಿಕ್ಕಿ ಓದಿಬಿಡುತ್ತಿದ್ದಳು. ಅದಕ್ಕೇ ಕನ್ನಡದಲ್ಲಿ ಬರೆದೆ.