ಪ್ರತಿ ಪ್ಯಾಕೆಟ್ಟಿಗೂ ‘ಯಾವೂರು, ಯಾರ ಪೈಕಿ?’

“ಸರ್ವರ್ ಬಿಸಿ ಐತೆ ಕಣಮ್ಮ. ನಾಳೆ ಬಾ.”

ನಾಳೆಯಂತೆ! ಕಳೆದ ಭಾನುವಾರ ಹಳೇಬೀಡಿನ ಬಸ್ ಸ್ಟ್ಯಾಂಡ್ ಬಳಿಯ ಕಂಪ್ಯೂಟರ್ ಸೆಂಟರಿನಲ್ಲಿ ಈ ಮಾತು ಕಿವಿಗೆ ಬಿದ್ದಾಗ ನನ್ನ ನೆತ್ತಿ ಉರಿಯಿತು. ಏಕೆಂದರೆ ನಾಳೆ ಎಂಬುದೇ ಇರಲಿಲ್ಲ. ಇಂಜಿನಿಯರಿಂಗ್ ಸೀಟಿಗೆ ಯಾವ ಕಾಲೇಜು ಬೇಕೆಂದು ಆನ್‌ಲೈನಿನಲ್ಲಿ ತುಂಬಲು ಅಂದು ಸಂಜೆ ಆರು ಗಂಟೆಯೇ ಕೊನೆ. ಆಗಲೇ ನಾಲ್ಕು ದಾಟಿತ್ತು.

ಮಾತು ಹೇಳಿದವರು ಸೆಂಟರಿನ ಮಾಲೀಕ ಶಿವಣ್ಣ. ಹೇಳಿಸಿಕೊಂಡವಳು ಚಂದನ, ಹುಲಿಕೆರೆಗೆ ಮದುವೆಯಾಗಿ ಹೋದ ನನ್ನ ಅಕ್ಕ ಜಯಮ್ಮನ ಮಗಳು. ಆ ಮನೆಯಲ್ಲಿ ಪಿಯುಸಿ ದಾಟಿದ ಮೊದಲ ಜೀವ. (ನಮ್ಮ ಮನೆಯಲ್ಲಿ ಆ ಜೀವ ನಾನು. ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ಗ್ಯಾಂಗ್‌ಮನ್. ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಅಪ್ಪ ಹಾಕಿಸಿದ ಫ್ರೇಮು ನಮ್ಮ ಮನೆಯ ಕಿಟಕಿಗಿಂತ ದೊಡ್ಡದು. ಇಂದಿಗೂ ಇದೆ, ಬಂದರೆ ತೋರಿಸುತ್ತೇನೆ.)

ಫೋನಿನಲ್ಲಿ ಮಾಡಬಾರದಿತ್ತೇ ಎನ್ನುತ್ತೀರಾ? ಮಾಡಿ ನೋಡಿದೆವು. ಭಾನುವಾರ, ದೇವಸ್ಥಾನದ ಮುಂದೆ ಊರ ತುಂಬ ಪ್ರವಾಸಿಗರು. ಎಲ್ಲರೂ ನಂದಿಯ ಪಕ್ಕ ನಿಂತು ಸೆಲ್ಫಿ ಕಳಿಸುತ್ತಿದ್ದರು. ಟವರ್ ಕೈ ಎತ್ತಿತ್ತು.

ಸೆಂಟರಿನ ಕಂಪ್ಯೂಟರುಗಳ ಮೇಲೆಲ್ಲ ಒಂದೇ ದೃಶ್ಯ. ಸುತ್ತುವ ಚಕ್ರ. ಮುಂದೆ ಉಗುರು ಕಚ್ಚುವ ಮಕ್ಕಳು.

ನಾನು ಕಾಲೇಜಿನಲ್ಲಿ ನೆಟ್‌ವರ್ಕ್ ಪಾಠ ಮಾಡುವವಳು. ‘ಸರ್ವರ್ ಬಿಸಿ’ ಎಂದರೆ ನಂಬುವುದಿಲ್ಲ, ಅದು ಜಾತಕದ ಶನಿಯ ಹಾಗೆ. ಯಾರ ತಪ್ಪನ್ನಾದರೂ ಹೊರುತ್ತದೆ. ಗೋಡೆಯ ಮೊಳೆಗೆ ರೂಟರ್ ಎಂಬ ಒಂದು ಪುಟ್ಟ ಪೆಟ್ಟಿಗೆ ನೇತಾಡುತ್ತಿತ್ತು. ಸೆಂಟರಿನ ಹೆಬ್ಬಾಗಿಲು ಅದೇ. ಅಷ್ಟೂ ಕಂಪ್ಯೂಟರುಗಳು ಇಂಟರ್ನೆಟ್ಟಿಗೆ ಹೋಗುವುದು ಅದನ್ನು ದಾಟಿಕೊಂಡೇ. ಮುಟ್ಟಿದೆ. ದೋಸೆ ಹೆಂಚು!

ಎಲ್ಲೋ ಇರುವ ಸರ್ವರ್ ಬಿಸಿಯಾದರೆ ಇಲ್ಲಿ ಇದೇಕೆ ಕಾಯಬೇಕು?

“ಇದರೊಳಗೆ ಒಂದು ಸಲ ನೋಡಬಹುದಾ? ಪಾಸ್‌ವರ್ಡ್ ಕೊಡಿ” ಎಂದೆ.

ಶಿವಣ್ಣ ಪಾಸ್‌ವರ್ಡ್ ಕೊಡಲಿಲ್ಲ. ಪ್ರಶ್ನೆ ಕೊಟ್ಟರು.

“ಯಾವೂರು ಮೇಡಂ?”

“ಅರಸೀಕೆರೆ.”

“ಅರಸೀಕೆರೇಲಿ ಯಾವ ಬೀದಿ?”

ಹೇಳಿದೆ.

“ತಂದೆ ಏನ್ ಮಾಡ್ತಿದ್ರು?”

“ರೈಲ್ವೆ ಗ್ಯಾಂಗ್‌ಮನ್.”

“ಹಂಗಲ್ಲ... ನೀವು ಯಾರ ಪೈಕಿ ಅಂತ.”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಸಿಡಿದಳು. “ಏನಣ್ಣಾ ನೀನು? ಮಗೀನ ಸೀಟು ಕೈ ಬಿಟ್ಟು ಹೋಯ್ತೈತೆ, ಇಲ್ಲೇನು ಹೆಣ್ಣು ನೋಡಕ್ಕೆ ಬಂದಿದ್ದೀವಾ? ಕೊಡು ಅತ್ಲಾಗೆ!”

ಸುತ್ತ ನಿಂತವರು ಗೊಳ್ಳೆಂದರು. ಶಿವಣ್ಣ ಪಾಸ್‌ವರ್ಡ್ ಕೊಟ್ಟರು.

ಒಳಗೆ ಕಂಡದ್ದನ್ನು ಸರಳವಾಗಿ ಹೇಳುತ್ತೇನೆ. ಇಂಟರ್ನೆಟ್ಟಿನಲ್ಲಿ ಮಾಹಿತಿ ಇಡಿಯಾಗಿ ಬರುವುದಿಲ್ಲ. ಪ್ಯಾಕೆಟ್ ಎಂಬ ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಒಂದು ಪುಟ ತೆರೆಯಲು ರಾಶಿ ಪೊಟ್ಟಣ. ಪ್ರತಿಯೊಂದನ್ನೂ ನೋಡಿ ಒಳಗೆ ಬಿಡುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳಮನೆಯ ಯಜಮಾನ.

ಈ ಯಜಮಾನನಿಗೆ ಶಿವಣ್ಣ ಏನು ಮಾಡಿಟ್ಟಿದ್ದರು ಗೊತ್ತೇ? ಯಾರಾದರೂ ಹುಡುಗ ಸೆಂಟರಿನಲ್ಲಿ ಕದ್ದು ಸಿನಿಮಾ ನೋಡಿ ಸಿಕ್ಕಿಬಿದ್ದರೆ ಸಾಕು, ಟೆಕ್ನಿಷಿಯನ್ನಿಗೆ ಫೋನ್. “ಅದೊಂದು ಬಂದ್ ಮಾಡ್ಲಾ.” ಅವನು ಒಂದು ನಿಯಮ ಸೇರಿಸುತ್ತಿದ್ದ. ಕ್ರಿಕೆಟ್ ನೋಡಿದರೆ ಇನ್ನೊಂದು. ವರ್ಷಗಟ್ಟಲೆ ಹೀಗೇ, ಒಂದರ ಕೆಳಗೊಂದು. ಅವುಗಳಲ್ಲಿ ಎಷ್ಟೋ ಸೈಟುಗಳು ಎಂದೋ ಮುಚ್ಚಿಹೋಗಿವೆ. ನಿಯಮ ಮಾತ್ರ ಚಿರಂಜೀವಿ.

ಈಗ ಚಂದನಳ ಪುಟದ ಒಂದು ಪೊಟ್ಟಣ ಬಂತೆನ್ನಿ. ನೀನು ಆ ಸೈಟಿನದ? ಅಲ್ಲ. ಈ ಸೈಟಿನದ? ಅಲ್ಲ. ಮತ್ತೊಂದರದ? ಹೀಗೆ ತಲೆಯಿಂದ ಬಾಲದವರೆಗೆ ವಿಚಾರಣೆ. ಮುಗಿಯಿತೇ? ಇಲ್ಲ. ಅದೇ ಮಾತುಕತೆಯ ಎರಡನೆಯ ಪೊಟ್ಟಣಕ್ಕೂ ಮೊದಲಿನಿಂದ ಅದೇ ವಿಚಾರಣೆ! ಮೂರನೆಯದಕ್ಕೂ! ಅಷ್ಟರಲ್ಲಿ ಹಿಂದಿನಿಂದ ಬಂದವು ನಿಲ್ಲಲು ಜಾಗವಿಲ್ಲದೆ ನೆಲಕ್ಕೆ ಬೀಳುತ್ತಿದ್ದವು. ಬಿದ್ದದ್ದನ್ನು ಮತ್ತೆ ಕಳಿಸಬೇಕು. ಮತ್ತೆ ಕಳಿಸಿದ್ದಕ್ಕೂ ವಿಚಾರಣೆ.

ಸಾಲದೆಂದು, ಪೆಟ್ಟಿಗೆಯಲ್ಲಿ ನಾಲ್ಕು ಕೋರ್, ಅಂದರೆ ಲೆಕ್ಕ ಮಾಡುವ ನಾಲ್ಕು ಮಿದುಳು ಇದ್ದವು. ದುಡಿಯುತ್ತಿದ್ದುದು ಒಂದು. ಉಳಿದವು ಜಗುಲಿಯ ಮೇಲೆ ಎಲೆಅಡಿಕೆ ಹಾಕುತ್ತಾ ಕೂತ ಗಂಡಸರಂತೆ ತಣ್ಣಗಿದ್ದವು. (ಇದನ್ನು ನೋಡಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಹೆಣ್ಣುಮಕ್ಕಳಿಗೆ ಆಗುವುದಿಲ್ಲ.)

“ಈ ಹಳೇ ನಿಯಮ ತೆಗೆದುಹಾಕಲಾ?”

“ಅಯ್ಯೋ, ಇರ್ಲಿ ಬಿಡಿ ಮೇಡಂ. ಟೆಕ್ನಿಷಿಯನ್ನು ತಿಳ್ದೋನು, ಹಾಕವ್ನೆ. ತೆಗೆದು ಇನ್ನೇನಾದ್ರೂ ಆದ್ರೆ?”

ಯಾವಾಗ ಹಾಕಿಸಿದ್ದೋ ನೆನಪಿಲ್ಲ, ಯಾಕೆ ಹಾಕಿಸಿದ್ದೋ ನೆನಪಿಲ್ಲ, ಆದರೆ ತೆಗೆಯಬಾರದು. ಈ ಮಾತನ್ನು ನಾನು ಎಷ್ಟು ಮನೆಗಳ ಬಾಗಿಲಲ್ಲಿ ಕೇಳಿಲ್ಲ! ‘ಯಾರ ಪೈಕಿ’ ಎಂಬುದೂ ಅಂಥದೇ ನಿಯಮ. ಕಾಲೇಜು ಸೇರಿದಾಗ ಹಾಸ್ಟೆಲಿನಲ್ಲಿ ಕೇಳಿದರು. ಹೇಳಿದೆ. ಬಾಡಿಗೆ ಮನೆ ಹುಡುಕುವಾಗ ಕೇಳಿದರು. ಕೆಲಸಕ್ಕೆ ಸೇರಿದ ಮೇಲೆ ಸ್ಟಾಫ್ ರೂಮಿನಲ್ಲಿ, ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ ಕೇಳಿದರು. ಓದಿದ್ದು, ಪಾಸಾದದ್ದು, ಪಾಠ ಹೇಳಿದ್ದು, ಯಾವುದೂ ಲೆಕ್ಕಕ್ಕಿಲ್ಲ. ಪ್ರತಿ ಬಾಗಿಲಲ್ಲೂ ಮೊದಲಿನಿಂದ ವಿಚಾರಣೆ.

ಶಿವಣ್ಣನವರನ್ನು ಮತ್ತೆ ಕೇಳಲಿಲ್ಲ. ಮೂರೇ ಕೆಲಸ ಮಾಡಿದೆ. ಒಮ್ಮೆ ವಿಚಾರಿಸಿ ಒಳಗೆ ಬಿಟ್ಟ ಮಾತುಕತೆಯನ್ನು ನೆನಪಿಟ್ಟುಕೋ, ಅದರ ಉಳಿದ ಪೊಟ್ಟಣಗಳನ್ನು ಮತ್ತೆ ಕೇಳಬೇಡ ಎಂಬ ನಿಯಮವನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ಬೇಡದ ಸೈಟುಗಳನ್ನೆಲ್ಲ ಒಂದೇ ಗಂಟು ಕಟ್ಟಿ, ಒಂದೇ ನೋಟಕ್ಕೆ ಸಿಗುವಂತೆ ಮಾಡಿದೆ. ಜಗುಲಿಯ ಮೇಲಿದ್ದ ಕೋರ್‌ಗಳಿಗೂ ಕೆಲಸ ಹಂಚಿದೆ. ಹೊಸ ಯಂತ್ರ ಬೇಕಾಗಲಿಲ್ಲ.

“ಚಿಕ್ಕಮ್ಮಾ, ಬಂತು!” ಚಂದನ ಕೂಗಿದಳು. ಸೆಂಟರಿನ ತುಂಬ ಚಕ್ರಗಳು ನಿಂತು ಪುಟಗಳು ಬಿಚ್ಚಿಕೊಂಡವು. ಅವಳು ಒಂದೊಂದೇ ಕಾಲೇಜು ಆರಿಸುವಾಗ ಅಕ್ಕ ಪಕ್ಕದಲ್ಲಿ ನಿಂತು, “ಹಾಸ್ಟೆಲ್ ಇರೋದು ಹಾಕೇ, ಹಾಸ್ಟೆಲ್ ಇರೋದು” ಎಂದು ಜಪ ಮಾಡುತ್ತಿದ್ದಳು. ಐದೂವರೆಗೆ ಸಬ್‌ಮಿಟ್. ಅಕ್ಕ ಪರದೆಗೇ ಕೈ ಮುಗಿದಳು.

ನನಗೆ ಖುಷಿಯಾಗಬೇಕಿತ್ತು. ಆದರೆ ಬಾಯಿ ತಡೆಯಲಿಲ್ಲ. “ಬೆಳಗಿನಿಂದ ‘ನಾಳೆ ಬಾ’ ಎಂದು ಎಷ್ಟು ಮಕ್ಕಳನ್ನು ಕಳಿಸಿದಿರಿ?”

“ಒಂದಷ್ಟು ಜನ ಹೋದ್ರು ಮೇಡಂ. ಬಸ್ಸಿಗೆ ಟೈಮಾಯ್ತು ಅಂತ.”

ಒಂದಷ್ಟು ಜನ. ಅವರಿಗೆ ಕಂಪ್ಯೂಟರ್ ಗೊತ್ತಿರುವ ಚಿಕ್ಕಮ್ಮ ಇರಲಿಲ್ಲ, ಅಷ್ಟೇ. ಅವರು ಈಗ ಮನೆಯಲ್ಲಿ ಕೂತು ಎಲ್ಲೋ ಇರುವ ಸರ್ವರನ್ನು ಬಯ್ಯುತ್ತಿರುತ್ತಾರೆ. ಇಲ್ಲವೇ ತಮ್ಮ ಹಣೆಬರಹವನ್ನು. ಮೊಳೆಗೆ ನೇತಾಡುವ ಈ ಪೆಟ್ಟಿಗೆಯನ್ನು ಯಾರೂ ಬಯ್ಯುವುದಿಲ್ಲ. ಅದಕ್ಕೆ ಹೊಣೆಯಾದವರನ್ನಂತೂ ಇಲ್ಲವೇ ಇಲ್ಲ.

ಹೊರಡುವಾಗ ಶಿವಣ್ಣ ಟೀ ತರಿಸಿದರು. ಪೆಟ್ಟಿಗೆಯನ್ನು ಮುಟ್ಟಿ ನೋಡಿದರು. ತಣ್ಣಗಿತ್ತು. ಮುಖ ಅರಳಿತು.

“ಭಲೇ ಕೆಲ್ಸ ಮಾಡಿದ್ರಿ ಮೇಡಂ. ಅಂದಂಗೆ... ಯಾರ ಪೈಕಿ ಅಂತ ನೀವು ಹೇಳ್ಲೇ ಇಲ್ಲ?”

ಟೀ ಲೋಟ ಟೇಬಲ್ಲಿನ ಮೇಲೇ ಬಿಟ್ಟು ಬಂದೆ. ಅಲ್ಲಿ ಕೇಳದ ಪ್ರಶ್ನೆಯನ್ನು ಇಲ್ಲಿ ಕೇಳುತ್ತೇನೆ: ತಗಡಿನ ಡಬ್ಬಿಯೊಂದು ಒಂದೇ ಸಂಜೆಯಲ್ಲಿ ಕಲಿತದ್ದನ್ನು ಶಿವಣ್ಣನವರೇ, ನೀವು ಯಾವಾಗ ಕಲಿಯುತ್ತೀರಿ?